ಗೆಲುವನ್ನೂ ಕಟಕಟೆಗೆ ಕರೆಯಿರಿ

ವರ್ಷದ ಕೊನೆಗೆ ಸೋಲಿನ ಮೇಲೆ ತನಿಖೆ ನಡೆಯುತ್ತದೆ, ಗೆಲುವಿಗೆ ಹಾರ ಬೀಳುತ್ತದೆ. ಮನೆಯದಾಗಲಿ ಸಂಸ್ಥೆಯದಾಗಲಿ, ಲೆಕ್ಕ ತಪ್ಪಲು ಶುರುವಾಗುವುದು ಅಲ್ಲಿಂದಲೇ.

ಮನೆಗೆ ಮಗಳ ಅಂಕಪಟ್ಟಿ ಬರುತ್ತದೆ. ಗಣಿತದಲ್ಲಿ 38. ಸಂಜೆಯಾಗುವಷ್ಟರಲ್ಲಿ ನಡುಮನೆ ಕೋರ್ಟ್ ಹಾಲ್ ಆಗಿರುತ್ತದೆ. ಟ್ಯೂಷನ್‌ಗೆ ಚಕ್ಕರ್ ಹೊಡೆದದ್ದು ಎಷ್ಟು ದಿನ, ಮೊಬೈಲ್ ಹಿಡಿದು ಕೂತದ್ದು ಎಷ್ಟು ಹೊತ್ತು, ಪಕ್ಕದ ಮನೆಯ ಹುಡುಗನಿಗೆ ಎಷ್ಟು ಬಂತು? ಅಪ್ಪನದು ಪಾಟೀಸವಾಲು, ಅಮ್ಮನದು ಸಾಕ್ಷಿ, ಅಜ್ಜಿಯದು ಜಾಮೀನು ಅರ್ಜಿ. ಅದೇ ಪಟ್ಟಿಯಲ್ಲಿ ಎರಡು ಸಾಲು ಕೆಳಗೆ ಸಮಾಜ ವಿಜ್ಞಾನದಲ್ಲಿ 95 ಇದೆ. ಅದಕ್ಕೆ ಸಿಗುವುದು ಒಂದೇ ಮಾತು: "ಅದು ಬಿಡು, ಅದರಲ್ಲಿ ಅವಳು ಮೊದಲಿಂದಲೂ ಹುಷಾರು." ಆ 95 ಹೇಗೆ ಬಂತು ಎಂದು ಕೇಳುವವರು ಮನೆಯಲ್ಲಿ ಒಬ್ಬರೂ ಇರುವುದಿಲ್ಲ.

ಡಿಸೆಂಬರ್ ಕೊನೆಯ ವಾರ ಕಚೇರಿಗಳಲ್ಲಿ ಹರಡಿಕೊಳ್ಳುವುದೂ ಇಂಥದೇ ಅಂಕಪಟ್ಟಿ. ಟಾರ್ಗೆಟ್ ಮುಟ್ಟದ ಶಾಖೆಯ ಮ್ಯಾನೇಜರ್‌ಗೆ ಹೆಡ್ ಆಫೀಸಿನಿಂದ ಕರೆ ಬರುತ್ತದೆ. ಆತ ಕಡತ ಕಂಕುಳಲ್ಲಿಟ್ಟುಕೊಂಡು ರಾತ್ರಿ ಬಸ್ಸು ಹತ್ತುತ್ತಾನೆ. ಟಾರ್ಗೆಟ್ ದಾಟಿದವನಿಗೂ ಕರೆ ಬರುತ್ತದೆ, ಶಾಲು ಹೊದೆಸಿಕೊಳ್ಳಲು. ಮೊದಲಿನವನಿಗೆ ನೂರು ಪ್ರಶ್ನೆ, ಎರಡನೆಯವನಿಗೆ ಒಂದು ಫೋಟೊ. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮ ಹಳೆಯ ಚಾಳಿ. ಬಾಲ ಹಿಡಿದವನ ಕಣ್ಣಿಗೆ ಎತ್ತಿನ ಮುಂಗಾಲು ಕಾಣುವುದಿಲ್ಲ, ಅದು ಕುಂಟುತ್ತಿದ್ದರೂ.

ಸೋಲಿನಿಂದ ಕಲಿಯಬೇಕು ಎಂಬ ಬುದ್ಧಿಮಾತಿಗೆ ಈ ದಿನಗಳಲ್ಲಿ ಬರವಿಲ್ಲ. ಸೋಲಿನಿಂದ ಕಲಿಯಲು ಏನು ಬೇಕು, ಗೆಲುವಿನಿಂದ ಕಲಿಯದೇ ಹೋದರೆ ಏನಾಗುತ್ತದೆ ಎಂಬುದು ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದಕ್ಕೆ ಬೇಕಾದ ಉದಾಹರಣೆಗಳು ಬೆಂಗಳೂರಿನ ಸುತ್ತಮುತ್ತಲೇ ಇವೆ.

ಸೋಲಿಗೆ ಸಿಕ್ಕ ಹೆಗಲು

1979ರ ಆಗಸ್ಟ್ 10. ಶ್ರೀಹರಿಕೋಟಾದಿಂದ ಭಾರತದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಮೇಲೆದ್ದಿತು. ಮೊದಲ ಹಂತ ಸರಿಯಾಗಿಯೇ ಉರಿಯಿತು. ಎರಡನೆಯ ಹಂತದಲ್ಲಿ ನಿಯಂತ್ರಣ ವ್ಯವಸ್ಥೆ ಕೈಕೊಟ್ಟಿತು. ಐದು ನಿಮಿಷ ಚಿಲ್ಲರೆಯಲ್ಲಿ ರಾಕೆಟ್ ಬಂಗಾಳ ಕೊಲ್ಲಿಯ ಪಾಲಾಯಿತು. ಯೋಜನೆಯ ಹೊಣೆ ಹೊತ್ತಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಉಡಾವಣೆಗೆ ಸ್ವಲ್ಪ ಮೊದಲು ಕಂಪ್ಯೂಟರ್ ತಡೆಯೊಡ್ಡಿತ್ತು, ತಜ್ಞರ ಸಲಹೆ ಕೇಳಿ ಅದನ್ನು ಬದಿಗೊತ್ತಿ ಮುಂದುವರಿಯಲು ತೀರ್ಮಾನಿಸಿದವನು ನಾನೇ ಎಂದು ಮುಂದೆ ಅವರೇ ಅನೇಕ ವೇದಿಕೆಗಳಲ್ಲಿ ಹೇಳಿಕೊಂಡರು. ಬೆರಳು ತೋರಿಸಲು ಬೇಕಾದ ಮನುಷ್ಯ ಕಣ್ಣೆದುರಿಗೇ ಇದ್ದ.

ಆ ದಿನ ಪತ್ರಕರ್ತರ ಮುಂದೆ ಕೂತವರು ಮಾತ್ರ ಇಸ್ರೊ ಅಧ್ಯಕ್ಷ ಸತೀಶ್ ಧವನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದ ಅವರು ಸೋಲನ್ನು ಸಂಸ್ಥೆಯ ತಲೆಯಾಗಿ ತಾವು ಒಪ್ಪಿಕೊಂಡರು. ತಂಡದ ಮೇಲೆ ವಿಶ್ವಾಸವಿದೆ, ಮುಂದಿನ ಬಾರಿ ಗೆಲ್ಲುತ್ತಾರೆ ಎಂದರು. 1980ರ ಜುಲೈ 18ರಂದು ಅದೇ ತಂಡದ ಎಸ್‌ಎಲ್‌ವಿ-3, 35 ಕೆ.ಜಿ.ಯ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆಗ ಧವನ್ ಹಿಂದೆ ಸರಿದು ಕಲಾಂ ಅವರನ್ನು ಪತ್ರಕರ್ತರ ಮುಂದೆ ಕೂರಿಸಿದರು.

ಈ ಕಥೆಯನ್ನು ಸಾಮಾನ್ಯವಾಗಿ ದೊಡ್ಡ ಮನಸ್ಸಿನ ನಿದರ್ಶನವಾಗಿ ಹೇಳುವುದುಂಟು. ಅದರೊಳಗೆ ತೀರಾ ವ್ಯಾವಹಾರಿಕವಾದ ಒಂದು ಲಾಭವೂ ಇದೆ. ಮೇಲಿನವರು ಸೋಲನ್ನು ಹೆಗಲಿಗೆ ಹಾಕಿಕೊಂಡ ಕ್ಷಣದಲ್ಲೇ ಕೆಳಗಿನವರಿಗೆ ತಪ್ಪನ್ನು ಮುಚ್ಚಿಡುವ ಅಗತ್ಯ ಇಲ್ಲವಾಗುತ್ತದೆ. ಕವಾಟ ಎಲ್ಲಿ ಸೋರಿತು ಎಂದು ಹುಡುಕಬೇಕಾದವನು ತನ್ನ ಕೆಲಸ ಉಳಿಯುತ್ತದೆಯೇ ಎಂದು ಹುಡುಕುತ್ತ ಕೂತರೆ ಕವಾಟ ಮುಂದಿನ ವರ್ಷವೂ ಸೋರುತ್ತದೆ.

ಕುಣಿಯಲಾರದವಳ ನೆಲ

ಸೋಲಿನಿಂದ ಸಂಸ್ಥೆಗಳು ನಿಜಕ್ಕೂ ಕಲಿಯುತ್ತವೆಯೇ? ಪೀಟರ್ ಮ್ಯಾಡ್ಸನ್ ಮತ್ತು ವಿನೀತ್ ದೇಸಾಯಿ ಎಂಬ ಸಂಶೋಧಕರು ಈ ಪ್ರಶ್ನೆಗೆ ಆರಿಸಿಕೊಂಡದ್ದು ರಾಕೆಟ್ ಲೋಕವನ್ನೇ. ಬೇರೆ ಬೇರೆ ದೇಶಗಳ ಉಡಾವಣೆಗಳ ಇತಿಹಾಸ ಜಾಲಾಡಿ 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಸಾರ ಇದು: ಸಂಸ್ಥೆಗಳು ಗೆಲುವಿಗಿಂತ ಸೋಲಿನಿಂದ ಹೆಚ್ಚು ಕಲಿಯುತ್ತವೆ, ಸೋತು ಕಲಿತ ಪಾಠ ಬೇಗ ಮಾಸುವುದೂ ಇಲ್ಲ. ರಾಕೆಟ್ ಬಿದ್ದಾಗ ಅದನ್ನು ಅಡಗಿಸಲಾಗುವುದಿಲ್ಲ. ಸಮಿತಿ ಕೂರಲೇಬೇಕು, ವರದಿ ಬರಲೇಬೇಕು, ವಿನ್ಯಾಸ ಬದಲಾಗಲೇಬೇಕು.

ಮನುಷ್ಯರ ವಿಷಯಕ್ಕೆ ಬಂದರೆ ಚಿತ್ರ ತಿರುಗಿ ಬೀಳುತ್ತದೆ. ಹೃದಯ ಶಸ್ತ್ರಚಿಕಿತ್ಸೆಯ ಹೊಸ ವಿಧಾನವೊಂದನ್ನು ಕಲಿಯುತ್ತಿದ್ದ 71 ವೈದ್ಯರ, ಹತ್ತು ವರ್ಷಗಳ, 6,500ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವೈದ್ಯರು ತಮ್ಮ ಗೆಲುವಿನಿಂದ ಕಲಿತಿದ್ದರು, ಸಹೋದ್ಯೋಗಿಗಳ ಸೋಲಿನಿಂದಲೂ ಕಲಿತಿದ್ದರು. ತಮ್ಮ ಸ್ವಂತ ಸೋಲಿನಿಂದ ಕಲಿತದ್ದು ಮಾತ್ರ ಕಡಿಮೆ. ಕಾರಣ ಊಹಿಸುವುದು ಕಷ್ಟವಲ್ಲ. ನಾನು ಗೆದ್ದರೆ ನನ್ನ ಕೈಚಳಕ, ಸೋತರೆ ರೋಗಿಯ ಸ್ಥಿತಿ ಮೊದಲೇ ಕೆಟ್ಟಿತ್ತು. ಬೇರೆಯವನು ಸೋತರೆ? ಅವನ ಕೈ ನಡುಗುತ್ತಿತ್ತು! ಮನಶ್ಶಾಸ್ತ್ರಜ್ಞರು ಇದಕ್ಕೆ ಉದ್ದುದ್ದ ಹೆಸರು ಕೊಡುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ನಮ್ಮ ಹಿರಿಯರು ನಾಲ್ಕು ಪದಗಳಲ್ಲಿ ಮುಗಿಸಿದ್ದರು.

ಸಂಸ್ಥೆ ಕಲಿಯುತ್ತದೆ, ಒಂಟಿ ಮನುಷ್ಯ ಕಲಿಯುವುದಿಲ್ಲ ಎಂದರೆ ನಡುವೆ ಇರುವುದು ಭಯದ ಗೋಡೆ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ನಡೆಸಿದರು. ಒಳ್ಳೆಯ ಮುಖ್ಯಸ್ಥರಿದ್ದ ವಾರ್ಡುಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು. ಅಲ್ಲೇ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಕೆದಕಿ ನೋಡಿದಾಗ ತಿಳಿದದ್ದು, ಒಳ್ಳೆಯ ವಾರ್ಡುಗಳಲ್ಲಿ ದಾದಿಯರು ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಉಳಿದ ಕಡೆ ತಪ್ಪು ಆಗುತ್ತಲೇ ಇತ್ತು, ಪುಸ್ತಕಕ್ಕೆ ಏರುತ್ತಿರಲಿಲ್ಲ. ಈ ವರ್ಷ ನಮ್ಮಲ್ಲಿ ಒಂದೂ ತಪ್ಪಾಗಿಲ್ಲ ಎಂದು ಡಿಸೆಂಬರ್‌ನಲ್ಲಿ ಎದೆಯುಬ್ಬಿಸುವ ವಿಭಾಗವನ್ನು ಕಂಡರೆ ಚಪ್ಪಾಳೆಗಿಂತ ಮೊದಲು ಸಂಶಯ ಬರಬೇಕು.

ಹೆಗಲು ಕೊಡುವವರಿದ್ದರೆ ಸೋಲು ಪಾಠ ಹೇಳುತ್ತದೆ ಎಂದಾಯಿತು. ಇಷ್ಟರಲ್ಲಿ ಆ ಪಕ್ಕದ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕೂತಿರುವ ಗೆಲುವಿನ ಕಡೆ ಯಾರೂ ನೋಡಿಲ್ಲ.

ಗೆಲುವಿನ ಮಡಿಲಲ್ಲಿ ಬೆಳೆದ ಸೋಲು

1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಹಾರಿದ 73 ಸೆಕೆಂಡುಗಳಲ್ಲಿ ಛಿದ್ರವಾಯಿತು. ಶಾಲಾ ಶಿಕ್ಷಕಿಯೊಬ್ಬರೂ ಸೇರಿ ಏಳು ಜನ ಸತ್ತರು. ಪಕ್ಕದ ಘನ ಇಂಧನದ ರಾಕೆಟ್ಟುಗಳಲ್ಲಿ ತುಂಡುಗಳು ಕೂಡುವ ಜಾಗವನ್ನು ಬಿಗಿಯಾಗಿ ಮುಚ್ಚಬೇಕಿದ್ದ ರಬ್ಬರ್ ಉಂಗುರ ಚಳಿಗೆ ಸೆಟೆದುಕೊಂಡು ಬಿಸಿ ಅನಿಲವನ್ನು ಹೊರಗೆ ಬಿಟ್ಟಿತ್ತು. ಆ ಉಂಗುರಕ್ಕೆ ಏನೋ ಆಗುತ್ತಿದೆ ಎಂಬುದು ಅಂದು ಹೊಸದಾಗಿ ಗೊತ್ತಾದದ್ದೂ ಅಲ್ಲ. 1981ರಲ್ಲಿ, ಗಗನನೌಕೆಯ ಎರಡನೆಯ ಯಾನದಲ್ಲೇ, ಉಂಗುರವನ್ನು ಬಿಸಿ ಅನಿಲ ತಿಂದಿರುವುದು ಕಂಡಿತ್ತು. ಆಮೇಲಿನ ಹಲವು ಯಾನಗಳಲ್ಲೂ ಕಂಡಿತು. ಹಾಗಿದ್ದೂ ನೌಕೆ ಪ್ರತಿ ಸಲ ಸುರಕ್ಷಿತವಾಗಿ ಮರಳಿತು. ಮರಳಿ ಬಂದದ್ದೇ, ಇಷ್ಟು ತಿಂದರೆ ಅಪಾಯವೇನಿಲ್ಲ ಎಂಬುದಕ್ಕೆ ಸಾಕ್ಷಿಯಾಯಿತು. ಉಡಾವಣೆಯ ಹಿಂದಿನ ರಾತ್ರಿ ಈ ಚಳಿಯಲ್ಲಿ ಬೇಡ ಎಂದ ಎಂಜಿನಿಯರುಗಳ ಮಾತನ್ನು ಆ ಎಲ್ಲ ಗೆಲುವುಗಳು ಸೇರಿ ಸೋಲಿಸಿದವು.

ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಈ ತರ್ಕವನ್ನು, ರಿವಾಲ್ವರಿಗೆ ಒಂದೇ ಗುಂಡು ತುಂಬಿ ಹಣೆಗಿಟ್ಟು ಕುದುರೆ ಎಳೆಯುವ ಆಟಕ್ಕೆ ಹೋಲಿಸಿದ್ದರು. ಮೊದಲ ಸಲ ಗುಂಡು ಹಾರಲಿಲ್ಲ ಎಂದ ಮಾತ್ರಕ್ಕೆ ಎರಡನೆಯ ಸಲ ಹಾರುವುದಿಲ್ಲ ಎನ್ನಲಾದೀತೇ? ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ 1996ರಲ್ಲಿ ಬರೆದ ಪುಸ್ತಕದಲ್ಲಿ ಇಡೀ ಪ್ರಕರಣ ಬಿಡಿಸಿಟ್ಟರು. ಅಲ್ಲಿ ನಿಯಮ ಮುರಿದ ಖಳನಾಯಕರಿರಲಿಲ್ಲ. ದಿನಾ ಸ್ವಲ್ಪ ಸ್ವಲ್ಪ ಅಭ್ಯಾಸವಾಗುತ್ತಾ ಹೋದ ಊನವಿತ್ತು.

ಪಾಠ ಇಷ್ಟು ದುಬಾರಿಯಾಗಿದ್ದರೂ ಉಳಿಯಲಿಲ್ಲ. 2003ರ ಜನವರಿಯಲ್ಲಿ ಕೊಲಂಬಿಯಾ ನೌಕೆ ಮೇಲೇರುವಾಗ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿಯಿತು. ಫೋಮ್ ಕಳಚುವುದು ಹಿಂದಿನ ಯಾನಗಳಲ್ಲೂ ಕಂಡದ್ದೇ, ನೌಕೆಗಳು ಮರಳಿ ಬಂದದ್ದೂ ಹೌದು. ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ಕೊಲಂಬಿಯಾ ಸುಟ್ಟು ಚೂರಾಯಿತು. ನಮ್ಮ ಕಲ್ಪನಾ ಚಾವ್ಲಾ ಇದ್ದದ್ದು ಅದರಲ್ಲೇ. ಉಂಗುರ ಹೋಗಿ ಫೋಮ್ ಬಂದಿತ್ತು, ಹೋದ ಸಲ ಏನೂ ಆಗಲಿಲ್ಲವಲ್ಲ ಎಂಬ ಧೈರ್ಯ ಅದೇ ಇತ್ತು.

ರಾಕೆಟ್ ದೂರದ ಮಾತಾಯಿತೆನ್ನುವವರು ತಮ್ಮ ಸ್ಕೂಟರಿನ ಬ್ರೇಕನ್ನು ನೆನೆಯಲಿ. ಕಿರ್ ಎಂದು ಸದ್ದು ಶುರುವಾಗಿ ಆರು ತಿಂಗಳಾಗಿದ್ದೀತು. ಪ್ರತಿ ಸಂಜೆ ಮನೆ ತಲುಪಿದ್ದೇವೆ. ಆ ನೂರೆಂಬತ್ತು ಸಂಜೆಗಳನ್ನು ನಾವು ಬ್ರೇಕಿನ ಖಾತೆಗೆ ಜಮಾ ಮಾಡಿಕೊಂಡಿದ್ದೇವೆ. ನಿಜಕ್ಕೂ ಅವು ಎದುರಿಗೆ ಯಾರೂ ಅಡ್ಡ ಬಾರದಿದ್ದ ಸಂಜೆಗಳು.

ಅಪ್ಪನ ಕೈಯಲ್ಲಿದ್ದ ಗೆಲುವು

ಒಂದೇ ಕ್ಷಣದಲ್ಲಿ ಸಿಡಿಯುವ ಗೆಲುವುಗಳ ಮಾತು ಇದಾಯಿತು. ಸದ್ದಿಲ್ಲದೆ ಮುಳ್ಳು ನಿಂತುಹೋಗುವ ಗೆಲುವುಗಳೂ ಇವೆ.

ನಮ್ಮ ಮನೆಯ ಬೀರುವಿನಲ್ಲಿ ಅಪ್ಪನ ಎಚ್‌ಎಂಟಿ ಕೈಗಡಿಯಾರ ಇದೆ. ಬೆಳಿಗ್ಗೆ ಕಾಫಿ ಆದ ಮೇಲೆ ಅದಕ್ಕೆ ಕೀ ಕೊಡುವುದು ಅವರ ಸಂಧ್ಯಾವಂದನೆಯಂತಿತ್ತು. ಆ ತಲೆಮಾರಿನ ಎಷ್ಟೋ ಮನೆಗಳಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದರೆ, ನೌಕರಿ ಸಿಕ್ಕರೆ, ಮದುವೆಯಾದರೆ ಕೈಗೆ ಬರುತ್ತಿದ್ದದ್ದು ಎಚ್‌ಎಂಟಿಯೇ. ವರನಿಗೆ ವಾಚು ಕೊಡಿಸುತ್ತೇವೆ ಎಂಬ ಮಾತುಕತೆಯಲ್ಲಿ ಕಂಪನಿಯ ಹೆಸರು ಹೇಳುವ ಅಗತ್ಯವೂ ಇರುತ್ತಿರಲಿಲ್ಲ.

ಹಿಂದೂಸ್ತಾನ್ ಮಷೀನ್ ಟೂಲ್ಸ್ 1953ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಜಾಲಹಳ್ಳಿಯ ಕಡೆ ವಾಚ್ ತಯಾರಿಕೆ ಆರಂಭವಾಗಿ, ಮೊದಲ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್, ಕಾಂಚನ್, ಸೋನಾ ಮನೆಮಾತಾದವು. ಬೇಡಿಕೆ ಎಷ್ಟಿತ್ತೆಂದರೆ ಕೆಲವು ಮಾದರಿಗಳಿಗೆ ಜನ ಕಾಯುತ್ತಿದ್ದರು, ಶಿಫಾರಸು ಹಿಡಿಯುತ್ತಿದ್ದರು. ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು.

ಎಚ್‌ಎಂಟಿಗೆ ಕ್ವಾರ್ಟ್ಜ್ ವಾಚಿನ ಸುದ್ದಿಯೇ ಗೊತ್ತಿರಲಿಲ್ಲ ಎಂದು ಈಗ ಮಾತಾಡುವವರಿದ್ದಾರೆ. ಅದು ತಪ್ಪು. 1980ರ ದಶಕದ ಆರಂಭದಲ್ಲೇ ದೇಶದಲ್ಲಿ ಮೊದಲು ಕ್ವಾರ್ಟ್ಜ್ ವಾಚು ತಂದದ್ದು ಎಚ್‌ಎಂಟಿಯೇ. ಆದರೆ ಕೀ ಕೊಡುವ ವಾಚುಗಳಿಗೆ ಬಾಗಿಲಲ್ಲಿ ಸಾಲು ನಿಂತಿತ್ತು. ಕಾರ್ಖಾನೆಗಳು, ಯಂತ್ರಗಳು, ಕುಶಲ ಕೆಲಸಗಾರರು, ಅಂಗಡಿಯವರು ಎಲ್ಲರೂ ಆ ಸಾಲಿಗೆ ತಕ್ಕಂತೆ ರೂಪುಗೊಂಡಿದ್ದರು. ನಾವು ಮಾಡಿದ್ದೆಲ್ಲ ಮಾರಾಟವಾಗುತ್ತಿರುವಾಗ ಜನ ಇದನ್ನೇಕೆ ಕೊಳ್ಳುತ್ತಿದ್ದಾರೆ ಎಂಬ ಪ್ರಶ್ನೆ ಯಾರಿಗೆ ಹೊಳೆದೀತು? ವಾಚು ಚೆನ್ನಾಗಿದೆ ಎಂಬುದು ಒಂದು ಉತ್ತರ. ಬೇರೆ ಒಳ್ಳೆಯ ವಾಚು ಸುಲಭಕ್ಕೆ ಸಿಗುತ್ತಿಲ್ಲ ಎಂಬುದು ಎರಡನೆಯದು. ಮೊದಲ ಉತ್ತರಕ್ಕೆ ಹಾರ ಬಿತ್ತು, ಎರಡನೆಯದಕ್ಕೆ ಕಿವಿ ಸಿಗಲಿಲ್ಲ.

ಆ ಎರಡನೆಯ ಉತ್ತರವನ್ನು ಕೇಳಿಸಿಕೊಂಡವರು ಹೊಸೂರಿನಲ್ಲಿದ್ದರು. ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ 1984ರಲ್ಲಿ ಕಟ್ಟಿದ ಟೈಟನ್, ಕ್ಸೆರ್ಕ್ಸಿಸ್ ದೇಸಾಯಿ ಅವರ ನೇತೃತ್ವದಲ್ಲಿ 1987ರ ಹೊತ್ತಿಗೆ ಕ್ವಾರ್ಟ್ಜ್ ವಾಚುಗಳೊಂದಿಗೆ ಮಾರುಕಟ್ಟೆಗೆ ಇಳಿಯಿತು. ಎಚ್‌ಎಂಟಿಯಲ್ಲಿ ಪಳಗಿದ ಕೆಲವರೂ ಅಲ್ಲಿದ್ದರು. ಹೊತ್ತು ತೋರಿಸುವ ಯಂತ್ರವನ್ನು ಅದು ಉಡುಗೊರೆಯಾಗಿ, ಒಡವೆಯಾಗಿ ಮಾರಿತು. ಸರ್ಕಾರಿ ಉದ್ಯಮದ ಕಟ್ಟುಪಾಡು, ಉದಾರೀಕರಣದ ಬಿರುಗಾಳಿ, ಹೊರಗಿನ ಅಗ್ಗದ ವಾಚುಗಳು, ಹೀಗೆ ಎಚ್‌ಎಂಟಿಯ ಸೋಲಿಗೆ ಕಾರಣಗಳು ಹಲವು. ವರ್ಷಗಟ್ಟಲೆ ನಷ್ಟದ ಬಳಿಕ 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಕಡತಕ್ಕೆ ಸಹಿ ಬಿದ್ದದ್ದು 2016ರಲ್ಲಿ. ಸೋಲು ಶುರುವಾದದ್ದು ಬಾಗಿಲ ಮುಂದೆ ಸಾಲು ಅತ್ಯಂತ ಉದ್ದವಿದ್ದ ದಿನಗಳಲ್ಲಿ.

ಅದೃಷ್ಟದ ಪಾಲು ಎಷ್ಟು?

ಗೆಲುವನ್ನು ಕಟಕಟೆಗೆ ಕರೆದರೆ ಅದು ಹೇಳಲು ಹಿಂಜರಿಯುವ ಹೆಸರೊಂದಿದೆ: ಅದೃಷ್ಟ.

2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು, ಪತ್ರಿಕೆಗಳಲ್ಲಿ ಟೊಮೆಟೊ ಬೆಳೆದು ಲಕ್ಷ ಎಣಿಸಿದವರ ಚಿತ್ರ. ಆ ರೈತರ ಬೆವರು ಸುಳ್ಳಲ್ಲ. ಹಾಗೆಯೇ, ರೋಗ ಮತ್ತು ಹವಾಮಾನದ ಏರುಪೇರಿನಿಂದ ಬೇರೆ ಎಷ್ಟೋ ತೋಟಗಳು ನೆಲಕಚ್ಚಿದ್ದರಿಂದಲೇ ಆ ಬೆಲೆ ಬಂದದ್ದೂ ನಿಜ. ಗೆದ್ದವನ ಜಮೆಯಲ್ಲಿ ಪಕ್ಕದವನ ನಷ್ಟವೂ ಸೇರಿತ್ತು. ಬೆಲೆ ನೋಡಿ ನಾಟಿ ಮಾಡಿದವರ ಬೆಳೆ ಮಾರುಕಟ್ಟೆಗೆ ಬರುವ ಹೊತ್ತಿಗೆ, ಎರಡು ತಿಂಗಳಲ್ಲಿ, ದರ ಪಾತಾಳಕ್ಕಿಳಿದಿತ್ತು. ಗೆದ್ದೆತ್ತಿನ ಬಾಲ ಹಿಡಿದವರೆಲ್ಲ ಹಿಡಿದದ್ದು ಅದರ ಅದೃಷ್ಟದ ಪಾಲನ್ನು.

ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಒಮ್ಮೆ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ, ಬೈಗುಳಕ್ಕಿಂತ ಹೊಗಳಿಕೆ ಮೇಲು ಎಂದು ಪಾಠ ಹೇಳುತ್ತಿದ್ದರು. ಒಬ್ಬ ಅನುಭವಿ ಎದ್ದುನಿಂತು ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮರುಸಲ ಕೆಡಿಸುತ್ತಾನೆ, ಕೆಡಿಸಿದವನಿಗೆ ಬೈದರೆ ಮರುಸಲ ಸುಧಾರಿಸುತ್ತಾನೆ, ಇದು ನಾನು ಕಣ್ಣಾರೆ ಕಂಡದ್ದು ಎಂದ. ಕಂಡದ್ದು ನಿಜವೇ, ಕಾರಣ ಮಾತ್ರ ಬೇರೆ. ಯಾರಾದರೂ ತಮ್ಮ ಮಾಮೂಲಿಗಿಂತ ತುಂಬ ಚೆನ್ನಾಗಿ ಹಾರಿಸಿದ ದಿನ ಅದೃಷ್ಟವೂ ಕೈಜೋಡಿಸಿರುತ್ತದೆ, ತುಂಬ ಕೆಟ್ಟದಾಗಿ ಹಾರಿಸಿದ ದಿನ ಅದು ಕೈಬಿಟ್ಟಿರುತ್ತದೆ. ಮರುದಿನ ಹೊಗಳಿದರೂ ಬೈದರೂ ಅವರು ತಮ್ಮ ಮಾಮೂಲಿ ಮಟ್ಟದ ಹತ್ತಿರ ಬರುತ್ತಾರೆ.

ಈ ವರ್ಷದ ಶ್ರೇಷ್ಠ ಉದ್ಯೋಗಿ ಮುಂದಿನ ವರ್ಷ ಮಂಕಾದರೆ ಅವನಿಗೆ ಪ್ರಶಸ್ತಿ ತಲೆಗೇರಿತು ಎನ್ನುತ್ತೇವೆ. ಈ ವರ್ಷ ಕೊನೆಯಲ್ಲಿದ್ದವನು ಮುಂದಿನ ವರ್ಷ ಚೇತರಿಸಿಕೊಂಡರೆ ಮೇಲಧಿಕಾರಿ, ನಾನು ಕೊಟ್ಟ ಬಿಸಿ ಕೆಲಸ ಮಾಡಿತು ಎನ್ನುತ್ತಾನೆ. ಎರಡು ಸಲವೂ ಅದೃಷ್ಟ ಮೂಲೆಯಲ್ಲಿ ಕೂತು ನಕ್ಕಿರುತ್ತದೆ. ನಮ್ಮ ಮನೆಯ ಲೆಕ್ಕದಲ್ಲೂ ಹೀಗೆ. ಒಳ್ಳೆಯ ಸೈಟು ಸಿಕ್ಕದ್ದು, ಸಾಲ ತೀರಿದ್ದು, ಕಾಯಿಲೆ ಬೇಗ ಪತ್ತೆಯಾದದ್ದು, ಇವುಗಳಲ್ಲಿ ನನ್ನ ಜಾಣತನ ಎಷ್ಟು, ಆ ದಿನ ಸಿಕ್ಕ ಒಬ್ಬ ಒಳ್ಳೆಯ ಮನುಷ್ಯನ ಪಾಲು ಎಷ್ಟು? ಈ ಪ್ರಶ್ನೆ ಗೆಲುವನ್ನು ಚಿಕ್ಕದು ಮಾಡುವುದಿಲ್ಲ. ಗೆದ್ದವನನ್ನು ಸ್ವಲ್ಪ ಹಗುರ ಮಾಡುತ್ತದೆ.

ಚಂದ್ರನ ಮೇಲೆ ಇಳಿದ ಅನುಮಾನ

ಮತ್ತೆ ಬೆಂಗಳೂರಿಗೆ ಬರೋಣ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಸಂಪರ್ಕ ಕಡಿದುಕೊಂಡದ್ದು, ಇಸ್ರೊ ಅಧ್ಯಕ್ಷ ಕೆ. ಶಿವನ್ ಕಣ್ಣೀರು ಹಾಕಿದ್ದು, ಪ್ರಧಾನಿ ಅವರನ್ನು ತಬ್ಬಿ ಸಂತೈಸಿದ್ದು ಎಲ್ಲರೂ ನೋಡಿದ ದೃಶ್ಯ. ಆ ಸೋಲಿನ ಕಾರಣ ಕುತೂಹಲಕರ. ಎಂಜಿನುಗಳು ಕೆಟ್ಟಿರಲಿಲ್ಲ, ನಿರೀಕ್ಷೆಗಿಂತ ತುಸು ಜೋರಾಗಿಯೇ ಕೆಲಸ ಮಾಡಿದ್ದವು. ಐದು ಎಂಜಿನುಗಳ ಆ ಚೂರು ಹೆಚ್ಚುವರಿ ಬಲ ಸೇರಿ ಸೇರಿ ದಾರಿ ತಪ್ಪಿತು. ಸರಿಪಡಿಸಿಕೊಳ್ಳಲು ನೌಕೆ ವೇಗವಾಗಿ ತಿರುಗಬೇಕಿತ್ತು, ಅಷ್ಟು ವೇಗಕ್ಕೆ ಸಾಫ್ಟ್‌ವೇರ್ ಒಪ್ಪಲಿಲ್ಲ. ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಉದ್ದ, ಅಷ್ಟೇ ಅಗಲ. ಅದನ್ನೇ ಮುಟ್ಟುವ ಹಟದಲ್ಲಿ ವೇಗ ಹೆಚ್ಚಿತು.

ಚಂದ್ರಯಾನ-3ರ ಹೊತ್ತಿಗೆ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಹೇಳಿದ ಒಂದು ಮಾತು ಈ ಲೇಖನದ ತಿರುಳಿಗೆ ಹತ್ತಿರದ್ದು. ಈ ಬಾರಿ ಗೆಲುವನ್ನು ಊಹಿಸಿಕೊಂಡು ವಿನ್ಯಾಸ ಮಾಡಿಲ್ಲ, ಏನೇನು ಕೆಡಬಹುದು ಎಂಬುದನ್ನು ಊಹಿಸಿಕೊಂಡು ಮಾಡಿದ್ದೇವೆ ಎಂಬುದು ಅದರ ಅರ್ಥ. ಸೆನ್ಸರ್ ಸತ್ತರೆ? ಎಂಜಿನ್ ಕೈಕೊಟ್ಟರೆ? ಲೆಕ್ಕ ತಪ್ಪಿದರೆ? ಐದು ಎಂಜಿನ್ ನಾಲ್ಕಾಯಿತು. ಕಾಲುಗಳು ಗಟ್ಟಿಯಾದವು. ಇಂಧನ ಹೆಚ್ಚಿತು. ಇಳಿಯುವ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. ಸೋಲಿನ ಕಾರಣವಾಗಿದ್ದ ಹಟವನ್ನು ಸಡಿಲಿಸಿ ಆಯ್ಕೆಯ ಅವಕಾಶ ಕೊಟ್ಟರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಂ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಆ ಜಾಗವನ್ನು ಆರಿಸಲು ನೆರವಾದದ್ದು, ಸೋತಿತೆಂದು ನಾವು ಬರೆದುಬಿಟ್ಟಿದ್ದ ಚಂದ್ರಯಾನ-2ರ ಆರ್ಬಿಟರ್ ತೆಗೆದ ಚಿತ್ರಗಳು.

ದೇಶ ಪಟಾಕಿ ಹೊಡೆಯುತ್ತಿದ್ದಾಗ ಆ ತಂಡ ಇನ್ನೊಂದು ಕೆಲಸ ಮಾಡಿತು. ಸೆಪ್ಟೆಂಬರ್ 3ರಂದು, ಇಳಿದು ಗೆದ್ದಾಗಿದ್ದ ಲ್ಯಾಂಡರನ್ನು ಮತ್ತೆ ಸುಮಾರು 40 ಸೆಂಟಿಮೀಟರ್ ಮೇಲೆಬ್ಬಿಸಿ ಪಕ್ಕದಲ್ಲಿ ಇಳಿಸಿತು. ಗೆಲುವನ್ನು ಪ್ರಶ್ನೆ ಕೇಳುವುದೆಂದರೆ ಹೀಗೆ. ಹಾಗೆಂದು ಇಸ್ರೊ ಸೋಲಿಂದ ಪಾರಾಯಿತೇ? ಇಲ್ಲ. ಮೂರು ದಶಕಗಳ ನೆಚ್ಚಿನ ಕುದುರೆ ಪಿಎಸ್‌ಎಲ್‌ವಿ 2025ರ ಮೇ 18ರಂದು ಮೂರನೆಯ ಹಂತದಲ್ಲಿ ಎಡವಿತು. ನಂಬಿಕೆಗೆ ಪಾತ್ರವಾದ ಯಂತ್ರವನ್ನೂ ಪ್ರತಿ ಸಲ ಹೊಸದಾಗಿ ಕೇಳಬೇಕು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಜಮೆಗೂ ಒಂದು ಹೆಸರು

ಹಾಗಾದರೆ ಡಿಸೆಂಬರ್‌ನಲ್ಲಿ ಕೂತು ಮಾಡುವುದೇನು? ಅಮೆರಿಕದ ಸೈನ್ಯ ಕಳೆದ ನಾಲ್ಕು ದಶಕಗಳಿಂದ ತನ್ನ ಕವಾಯತುಗಳ ಕೊನೆಗೆ ಒಂದು ಪದ್ಧತಿ ಇಟ್ಟುಕೊಂಡಿದೆ. ಗೆದ್ದಿರಲಿ ಸೋತಿರಲಿ, ಸಿಪಾಯಿಯಿಂದ ಅಧಿಕಾರಿಯವರೆಗೆ ಎಲ್ಲರೂ ಸುತ್ತ ಕೂತು ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ. ಏನಾಗಬೇಕೆಂದುಕೊಂಡಿದ್ದೆವು? ಏನಾಯಿತು? ನಡುವಿನ ಅಂತರ ಯಾಕೆ ಬಂತು? ಮುಂದಿನ ಸಲ ಏನು ಮಾಡುತ್ತೇವೆ? ಶ್ಮುಯೆಲ್ ಎಲ್ಲಿಸ್ ಮತ್ತು ಇನ್ಬಾರ್ ದಾವಿದಿ ಎಂಬ ಸಂಶೋಧಕರು ಇಸ್ರೇಲಿ ಸೈನಿಕರ ಎರಡು ತುಕಡಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬಲ ಕೊಡುತ್ತದೆ. ದಾರಿ ಹುಡುಕುವ ಅಭ್ಯಾಸದ ಬಳಿಕ ಒಂದು ತುಕಡಿ ತಪ್ಪುಗಳನ್ನಷ್ಟೇ ಚರ್ಚಿಸಿತು, ಮತ್ತೊಂದು ತಪ್ಪು ಒಪ್ಪು ಎರಡನ್ನೂ ಚರ್ಚಿಸಿತು. ಹೆಚ್ಚು ಸುಧಾರಿಸಿದ್ದು ಎರಡನೆಯದು.

ಇದನ್ನು ಹೇಳಿಕೊಡಲು ಸೈನ್ಯವೇ ಬೇಕಿರಲಿಲ್ಲ. ಬಲಿಪಾಡ್ಯಮಿಗೆ ಹೊಸ ಪುಸ್ತಕ ಪೂಜೆ ಮಾಡುತ್ತಿದ್ದ ನಮ್ಮ ಅಂಗಡಿಗಳ ಕಿರ್ದಿಯನ್ನು ತೆರೆದರೆ ಸಾಕು. ಖರ್ಚಿನ ಕಡೆ ಯಾರಿಗೆ ಹೋಯಿತು ಎಂಬ ಹೆಸರು ಇರುವಂತೆಯೇ ಜಮೆಯ ಕಡೆ ಯಾರಿಂದ ಬಂತು ಎಂಬ ಹೆಸರೂ ಇರುತ್ತಿತ್ತು. ಮೂಲ ಗೊತ್ತಿಲ್ಲದ ಹತ್ತು ರೂಪಾಯಿ ಹೆಚ್ಚು ಬಂದರೂ ಶೆಟ್ಟರಿಗೆ ಆ ರಾತ್ರಿ ನಿದ್ದೆ ಇಲ್ಲ. ಶಿಲ್ಕು ತಾಳೆಯಾಗದೆ ಬೀಗ ಹಾಕುವಂತಿಲ್ಲ. ಕಡಿಮೆ ಬಿದ್ದದ್ದರಷ್ಟೇ ಹೆಚ್ಚಿಗೆ ಬಂದದ್ದೂ ಅವರಿಗೆ ತಪ್ಪಿನ ಗುರುತು.

ಆ ಶೆಟ್ಟರ ಕಣ್ಣಿನಿಂದ ವರ್ಷದ ಪುಸ್ತಕ ನೋಡಬಹುದು. ಸೋಲಿನ ಪ್ರತಿ ಸಾಲಿನ ಮುಂದೆ, ಯಾರು ಮಾಡಿದರು ಎಂಬುದರ ಬದಲು ಎಲ್ಲಿ ಸೋರಿತು ಎಂದು ಬರೆಯುವುದು. ಗೆಲುವಿನ ಪ್ರತಿ ಸಾಲಿನ ಮುಂದೆ ಮೂರು ಕಾಲಂ ಎಳೆಯುವುದು: ನನ್ನ ದುಡಿಮೆ, ಇತರರ ನೆರವು, ಅದೃಷ್ಟ. ಗೆದ್ದ ಕೆಲಸದಲ್ಲೂ ಯಾವ ಉಂಗುರ ಸ್ವಲ್ಪ ಸುಟ್ಟಿತ್ತು ಎಂದು ಕೇಳುವುದು. ಕಚೇರಿಯಾದರೆ ಇದಕ್ಕೆಲ್ಲ ಮೊದಲು ಮೇಲಿನ ಕುರ್ಚಿಯವರು ತಮ್ಮ ಒಂದು ತಪ್ಪನ್ನು ಎಲ್ಲರೆದುರು ಓದಬೇಕು. ಆಗ ಕೆಳಗಿನವರ ಪುಸ್ತಕವೂ ತೆರೆದುಕೊಳ್ಳುತ್ತದೆ.

ಹೋದ ವಾರ ಸ್ನೇಹಿತರೊಬ್ಬರ ಮನೆಯಲ್ಲಿ ಅಂಕಪಟ್ಟಿಯ ವಿಚಾರಣೆ ನಡೆದಿತ್ತು. 38ರ ಪಾಟೀಸವಾಲು ಮುಗಿದು ಎಲ್ಲರೂ ಏಳುವುದರಲ್ಲಿದ್ದಾಗ ನಾನು ಸುಮ್ಮನೆ ಕೇಳಿದೆ, "ಪುಟ್ಟಿ, ಸಮಾಜದಲ್ಲಿ 95 ಹೇಗೆ ಬಂತಮ್ಮ?" ಅಷ್ಟು ಹೊತ್ತು ಕಾಲುಬೆರಳು ನೋಡುತ್ತಿದ್ದವಳು ತಲೆಯೆತ್ತಿದಳು. "ನಾನೂ ಸಹನಾನೂ ಮಧ್ಯಾಹ್ನ ಊಟದ ಹೊತ್ತಲ್ಲಿ ಒಬ್ಬರಿಗೊಬ್ಬರು ಪಾಠ ಹೇಳ್ಕೋತೀವಿ ಅಂಕಲ್, ಟೀಚರ್ ಥರ. ಆಮೇಲೆ..." ಸ್ವಲ್ಪ ತಡೆದು, ಅಪ್ಪನ ಕಡೆ ನೋಡಿ, ನಗುತ್ತ ಅಂದಳು, "ಎರಡು ಪಾಠ ಓದಿರ್ಲೇ ಇಲ್ಲ. ಅದ್ರಿಂದ ಒಂದೂ ಪ್ರಶ್ನೆ ಬರ್ಲಿಲ್ಲ."

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿ ಕೇಳಿದರು, "ಹಂಗಾದ್ರೆ ಗಣಿತಾನೂ ಸಹನಾಗೆ ಹೇಳ್ಕೊಡಬಾರದೇನೆ?"